ಕಾಡಿನ ಹೊರಗೆ

“ಗುರುಗಳೇ, ಇಂಗ್ಲಿಷ್ ಓದುವಾಗ ಒಂದೊಂದು ಪದವೂ ತಿಳಿಯುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಹೀಗೇಕೆ?” ಎಂದು ಶಿಷ್ಯ ಚನ್ನಮಲ್ಲ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಆಸ್ಪತ್ರೆಯಲ್ಲಿ ಪರದೇಶದ ವೈದ್ಯೆಯೊಬ್ಬರಿದ್ದರು. ಅವರಿಗೆ ಕನ್ನಡ ಬಾರದು. ಅವರ ಮಾತನ್ನು ರೋಗಿಗಳಿಗೆ ತಿಳಿಸಲು ಒಬ್ಬ ದುಭಾಷಿ ಹೊಸದಾಗಿ ಬಂದಿದ್ದ. ನಿಘಂಟನ್ನು ಬಾಯಿಪಾಠ ಮಾಡಿ ಇಂಗ್ಲಿಷ್ ಕಲಿತವನು. ಒಂದು ಪದವನ್ನೂ ಬಿಡಬಾರದು, ಒಂದನ್ನೂ ಸೇರಿಸಬಾರದು ಎಂಬುದು ಅವನ ನೇಮ.

ಅಲ್ಲಿ ಒಬ್ಬ ಕುಂಬಾರ ಜ್ವರದಿಂದ ಮಲಗಿದ್ದ. ಒಂಬತ್ತು ದಿನ ಅವನಿಗೆ ಎಚ್ಚರವಿರಲಿಲ್ಲ. ಹತ್ತನೆಯ ಬೆಳಗ್ಗೆ ಕಣ್ಣು ತೆರೆದ. ವೈದ್ಯೆ ನಾಡಿ ನೋಡಿ, “ಔಟ್ ಆಫ್ ದ ವುಡ್ಸ್” ಎಂದವರೇ ಇನ್ನೊಂದು ಊರಿನ ರೋಗಿಯನ್ನು ನೋಡಲು ಹೊರಟುಹೋದರು.

ಕುಂಬಾರನ ಹೆಂಡತಿ ಬಾಗಿಲಲ್ಲಿ ಕಾದಿದ್ದಳು. “ಅಮ್ಮಾವರು ಏನಂದರು, ಸ್ವಾಮಿ?”

ದುಭಾಷಿ ಪದ ಬಿಡಿಸಿದ. ಔಟ್ ಎಂದರೆ ಹೊರಗೆ. ವುಡ್ಸ್ ಎಂದರೆ ಕಾಡು. ಈ ಬಯಲಿನಲ್ಲಿ ಕಾಡು ಎಲ್ಲಿಂದ ಬಂತು ಎಂದು ಅವನಿಗೂ ಅನಿಸಿತು. ಆದರೂ, “ನಿನ್ನ ಗಂಡ ಕಾಡಿನ ಹೊರಗಿದ್ದಾನಂತೆ” ಎಂದ.

ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ. ಸಾವಿನ ಹತ್ತಿರ ಬಂದವರನ್ನು ಕುರಿತು ಅವಳ ಕಡೆಯವರು ಆಡುವ ಮಾತು ಅದು. ಕಾಡು ಎಂದು ಕೇಳಿದ್ದೇ ಅವಳು, ಗಂಡ ಅದರ ಬಾಗಿಲವರೆಗೆ ಹೋಗಿಬಿಟ್ಟನೇ ಎಂದುಕೊಂಡು ಊರಿಗೆ ಹೇಳಿಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಬಂಧುಬಳಗ ಮಂಚದ ಸುತ್ತ ನಿಂತು ಕಣ್ಣೊರೆಸಿಕೊಂಡಿತು. ಕುಂಬಾರ ಎಲ್ಲರ ಮುಖ ನೋಡಿದ. ತನ್ನ ಕಾಲ ಮುಗಿಯಿತೆಂದು ತಿಳಿದು ಗೋಡೆಯ ಕಡೆ ಹೊರಳಿದ. ಗಂಜಿ ಬೇಡವೆಂದ, ನೀರೂ ಬೇಡವೆಂದ. ಹೊತ್ತು ಇಳಿಯುವಾಗ ಅವನ ನಾಡಿ ನಿಜವಾಗಿಯೂ ಇಳಿದಿತ್ತು.

ದುಭಾಷಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಲ್ಲಿ ಇಪ್ಪತ್ತು ವರ್ಷದಿಂದ ನೆಲ ಒರೆಸುತ್ತಿದ್ದ ಒಬ್ಬ ಮುದುಕಿ ಇದ್ದಳು. ಅಕ್ಷರ ಬಾರದವಳು. ಗುಂಪು ನೋಡಿ, “ಅಮ್ಮಾವರು ಏನಂದರಪ್ಪಾ?” ಎಂದು ಅವನನ್ನು ಕೇಳಿದಳು. ಅವನು ಇಂಗ್ಲಿಷಿನಲ್ಲೇ ಹೇಳಿದ.

“ಔಟಾಪುಡ್ಸಾ? ಹಾಗಂದ ಮೇಲೆ ಸತ್ತವರನ್ನು ನಾನು ಕಂಡಿಲ್ಲ. ನಾಲ್ಕು ದಿನಕ್ಕೆ ಎದ್ದು ಮನೆಗೆ ಹೋಗುತ್ತಾರೆ.”

“ಅದರಲ್ಲಿ ಬದುಕು ಎಂಬ ಪದ ಎಲ್ಲಿದೆ, ಅಜ್ಜಿ?”

“ಪದಗಿದ ನನಗೆ ಗೊತ್ತಿಲ್ಲ. ಮೊದಲು ಹೋಗಿ ಅವನಿಗೆ ಹೇಳು.”

ದುಭಾಷಿ ಓಡಿದ. ಕುಂಬಾರನ ಕಿವಿಯ ಹತ್ತಿರ ಬಾಗಿ, “ನಾನು ತಪ್ಪು ಹೇಳಿದೆ. ನೀನು ಗಂಡಾಂತರದಿಂದ ಪಾರಾಗಿದ್ದೀಯ” ಎಂದ. ಕುಂಬಾರ ನಂಬಲಿಲ್ಲ. ಮುದುಕಿ ಬಂದು ತಾನು ಕಂಡದ್ದನ್ನು ಹೇಳಿದಳು. ಆಗ ಅವನು ಮೆಲ್ಲಗೆ ಈ ಕಡೆ ಹೊರಳಿದ. ಹೆಂಡತಿ ಗಂಜಿಯ ಬಟ್ಟಲನ್ನು ತುಟಿಗೆ ಹಿಡಿದಳು. ಒಂದು ಗುಟುಕು ಇಳಿಯಿತು, ಮತ್ತೊಂದು ಇಳಿಯಿತು. ವಾರ ಕಳೆಯುವುದರೊಳಗೆ ಅವನು ತನ್ನ ಕಾಲ ಮೇಲೆ ಊರಿಗೆ ನಡೆದ. ಅಂದಿನಿಂದ ದುಭಾಷಿ ದಿನವೂ ಮುದುಕಿಯ ಬಳಿ ಕುಳಿತು, ವೈದ್ಯೆಯ ಯಾವ ಮಾತಿನ ಬೆನ್ನಿಗೆ ಏನು ನಡೆಯುತ್ತದೆ ಎಂದು ಕೇಳತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನಿಗೆ ಸಮಾಧಾನವಾಗಲಿಲ್ಲ. “ಪದ ಬಿಡಿಸದೆ ಮಾತು ತಿಳಿಯುವುದು ಮನುಷ್ಯರಿಗೆ ಸಾಧ್ಯವೇ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಕಾಡು ಎಂದಾಗ ಕುಂಬಾರನ ಹೆಂಡತಿಗೆ ಮರಗಳು ಕಂಡವೇನು?”