ಗೂಟಗಳಿಗೆ ಕೊಟ್ಟ ಕಾಳು

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೆರೆ ಇತ್ತು. ಅದರ ಏರಿಯ ತುಂಬ ಬಿಲಗಳು. ಬಿಲ ಮುಚ್ಚುವ ಕೆಲಸ ಒಂದು ಮುದಿ ಆಮೆಯದು. ಒಳಗೆ ನುಗ್ಗಿ, ಜೇಡಿಮಣ್ಣು ತುಂಬಿ, ಹೊಟ್ಟೆಯಿಂದ ಒತ್ತಿ ಗಟ್ಟಿ ಮಾಡುತ್ತಿತ್ತು. ಕೆರೆಯ ಪ್ರಾಣಿಗಳೆಲ್ಲ ಅದಕ್ಕೆ ಒಂದಿಷ್ಟು ಕಾಳು ಕೊಡುತ್ತಿದ್ದವು. ಸಣ್ಣ ಕಸುಬು, ಸಣ್ಣ ಹೊಟ್ಟೆ.

ಆ ವರ್ಷ ಬಿಲಗಳು ಹೆಚ್ಚಿದ್ದವು. ಮಳೆಗೆ ಇನ್ನು ಒಂದೇ ತಿಂಗಳು. ಅಷ್ಟರಲ್ಲಿ ಸಿಂಹರಾಜನ ಡಂಗುರ ಕೇಳಿಸಿತು. "ಸಣ್ಣ ಕಸುಬಿನವರು ಹೊಸಬರಿಗೆ ಕೆಲಸ ಕೊಟ್ಟರೆ, ಅವರ ಕೂಲಿಯ ಅರ್ಧ ಕಾಳು ಅರಮನೆಯ ಕಣಜದಿಂದ."

ಆಮೆ ಆ ದಿನವೇ ಒಂದು ಹೆಗ್ಗಣವನ್ನು ಕರೆತಂದಿತು. ಅದಕ್ಕೆ ನಾಲ್ಕು ಮರಿ, ಕೆಲಸವಿಲ್ಲ.

"ಬಿಲ ತೋಡುವವನನ್ನೇ ಬಿಲ ಮುಚ್ಚೋಕೆ ಇಟ್ಟುಕೊಂಡೆಯಾ ಆಮೆಕ್ಕ?" ಎಂದು ಕಪ್ಪೆ ನಕ್ಕಿತು.

"ತೋಡಿದವನಿಗೇ ತಾನೇ ಗೊತ್ತು, ಎಲ್ಲೆಲ್ಲಿ ತೋಡಿದೆ ಅಂತ," ಎಂದಿತು ಆಮೆ.

ಹೆಗ್ಗಣ ಚೆನ್ನಾಗಿ ದುಡಿಯಿತು. ಆಮೆ ಹೋಗಲಾಗದ ಆಳಕ್ಕೂ ಅದು ಮಣ್ಣು ಹೊತ್ತು ಹೋಯಿತು.

ಕೆಲಸಗಾರರನ್ನು ಎಣಿಸಲು ಅರಮನೆ ನೇಮಿಸಿದ್ದು ಕೊಕ್ಕರೆಯನ್ನು. ಅಧಿಕಾರ ಬಂದ ದಿನದಿಂದ ಅದು ಕೆಸರಿಗೆ ಕಾಲಿಟ್ಟಿರಲಿಲ್ಲ. ಕೆರೆಯ ನಡುವಿನ ಬಂಡೆಯ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ಬುಡಕ್ಕೆ ಬಂದ ಮೀನು ನುಂಗುವುದು, ಏರಿಯ ಮೇಲೆ ಇರುವವರ ನೆರಳು ನೀರಿನಲ್ಲಿ ಎಷ್ಟು ಕಾಣುತ್ತದೆ ಎಂದು ಎಣಿಸುವುದು. ಅಷ್ಟೇ ಅದರ ತಪಾಸಣೆ.

"ನಿನ್ನ ಕಡೆ ಒಂದೇ ನೆರಳು ಕಾಣುತ್ತಿದೆ," ಎಂದಿತು ಕೊಕ್ಕರೆ.

"ಇನ್ನೊಬ್ಬ ಬಿಲದ ಒಳಗಿದ್ದಾನೆ ಸ್ವಾಮಿ. ಸ್ವಲ್ಪ ಇಳಿದು ಬಂದು ನೋಡಿ."

"ಹೊರಗೆ ಬಂದು ನಿಲ್ಲಲಿ."

"ಹೊರಗೆ ನಿಂತರೆ ಬಿಲ ಮುಚ್ಚೋರು ಯಾರು?"

"ಅದು ನನಗೆ ಸಂಬಂಧಪಟ್ಟಿದ್ದಲ್ಲ. ಈ ವಾರ ಎಣಿಸಲು ಬಂಡೆಗೆ ಬರುತ್ತೇನೆ, ಹೊರಗೆ ನಿಲ್ಲಿಸು."

ಹೆಗ್ಗಣ ಮೂರು ದಿನ ಬಿಸಿಲಲ್ಲಿ ನಿಂತಿತು. ಕೊಕ್ಕರೆ ಬರಲಿಲ್ಲ. ನಾಲ್ಕನೆಯ ದಿನ ಒಂದು ಬಿಲದಲ್ಲಿ ನೀರು ಜಿನುಗಿತು. ಹೆಗ್ಗಣ ಒಳಗೆ ಓಡಿತು. ಕೊಕ್ಕರೆ ಬಂದದ್ದು ಆಗಲೇ.

"ಒಂದೇ ನೆರಳು," ಎಂದು ಹೊರಟುಹೋಯಿತು. ಹೆಗ್ಗಣದ ಕೂಲಿಗೆ ಅರಮನೆಯ ಕಾಳು ಬರಲೇ ಇಲ್ಲ.

ಇದನ್ನೆಲ್ಲ ನರಿ ನೋಡುತ್ತಿತ್ತು. ನರಿ ಎಂದೂ ಮಣ್ಣು ಹೊತ್ತದ್ದಿಲ್ಲ. ಅದು ಏರಿಯ ಮೂಡಣ ತುದಿಯಲ್ಲಿ ಏಳು ಗೂಟ ನೆಟ್ಟು, ಒಂದೊಂದಕ್ಕೂ ಮುತ್ತುಗದ ಎಲೆಯ ರುಮಾಲು ಸುತ್ತಿ, "ಏರಿ ದುರಸ್ತಿ ಕಾರ್ಖಾನೆ" ಎಂದು ಹೆಸರಿಟ್ಟಿತು. ಗಾಳಿ ಬೀಸಿತು. ನೀರು ಅಲುಗಿತು. ನೀರಿನಲ್ಲಿ ಗೂಟಗಳ ನೆರಳುಗಳೂ ಅಲುಗಿದವು.

"ಏಳು ಜನ. ಎಷ್ಟು ಚುರುಕು," ಎಂದು ಕೊಕ್ಕರೆ ತಲೆದೂಗಿತು. ಏಳು ಪಾಲು ಕಾಳು ನರಿಯ ಮನೆಗೆ ಹೋಯಿತು. ಮೂಡಣ ತುದಿಯನ್ನು ಇನ್ನು ಕಾರ್ಖಾನೆಯೇ ನೋಡಿಕೊಳ್ಳುತ್ತದೆ, ಬೇರೆ ಯಾರೂ ಮುಟ್ಟಬಾರದು ಎಂದು ಅಪ್ಪಣೆಯೂ ಆಯಿತು.

ಆ ಸಂಜೆ ಆಮೆ ತನ್ನ ಪಾಲಿನ ಕಾಳನ್ನೂ ಹೆಗ್ಗಣದ ಮುಂದೆ ಇಟ್ಟಿತು.

"ನೀನೇನು ತಿನ್ನುತ್ತೀ ಆಮೆಕ್ಕ?"

"ನನಗೆ ಹಸಿವಿಲ್ಲ ತಮ್ಮಾ."

"ನಿನ್ನೆಯೂ ಹಾಗೇ ಅಂದೆ." ಹೆಗ್ಗಣ ಕಾಳನ್ನು ಹಿಂದಕ್ಕೆ ತಳ್ಳಿತು. "ಅರ್ಧ ಕೂಲಿಯಲ್ಲಿ ನಾಲ್ಕು ಮರಿ ಬದುಕೋದಿಲ್ಲ. ಇಡೀ ಕೂಲಿ ಕೊಟ್ಟರೆ ನೀನು ಬದುಕೋದಿಲ್ಲ. ಗೂಟವಾಗಿ ಹುಟ್ಟಿದ್ದರೆ ಚೆನ್ನಾಗಿತ್ತು. ಹೋಗಿಬರುತ್ತೇನೆ."

ಆಮೆ ತಡೆಯಲಿಲ್ಲ. ಯಾವ ಬಾಯಲ್ಲಿ ತಡೆದೀತು? ಮರುದಿನ ಒಂಟಿಯಾಗಿ ಮಣ್ಣು ಹೊತ್ತಿತು. ಅದರ ಮರುದಿನವೂ.

ಮಳೆ ಬಂತು. ಏರಿ ಒಡೆದದ್ದು ಮೂಡಣ ತುದಿಯಲ್ಲೇ. ಏಳು ಗೂಟಗಳೂ ರುಮಾಲಿನ ಸಮೇತ ತೇಲಿಹೋದವು. ನರಿ ಕಾಳು ಕಟ್ಟಿಕೊಂಡು ಮೊದಲೇ ಬೇರೆ ಕೆರೆಗೆ ಹೋಗಿತ್ತು. ಅಲ್ಲಿಯೂ ಗೂಟ ನೆಟ್ಟಿರಬೇಕು. ನರಿಗಳು ಸುಮ್ಮನೆ ಕೂರುವುದಿಲ್ಲ.

ಕೆರೆಯಲ್ಲಿ ಉಳಿದದ್ದು ಕೆಸರು. ಏರಿ ಒಡೆದ ಸುದ್ದಿ ಕೇಳಿ ಹೆಗ್ಗಣ ಯಾರೂ ಕರೆಯದೆ ಬಂತು, ಹಿಂದೆ ನಾಲ್ಕು ಮರಿ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಈಗ ಏರಿ ಕಟ್ಟಿದರೆ ಅರ್ಧ ಕೆರೆಯಾದರೂ ತುಂಬೀತು. ಆಮೆಯೂ ಹೆಗ್ಗಣವೂ ಮಣ್ಣು ಹೊರತೊಡಗಿದವು.

ಎರಡು ದಿನ ಮೀನಿಲ್ಲದೆ ಒಣಗಿದ ಕೊಕ್ಕರೆ ಬಂಡೆಯ ಮೇಲಿಂದ ಕೂಗಿತು. "ಅಲ್ಲಿ ಎಷ್ಟು ಜನ ಇದ್ದೀರಿ? ನೀರಿಲ್ಲ, ಏನೂ ಕಾಣುತ್ತಿಲ್ಲ."

"ಇಳಿದು ಬಂದು ಎಣಿಸಿ ಸ್ವಾಮಿ," ಎಂದಿತು ಹೆಗ್ಗಣ.

ಕೊಕ್ಕರೆ ತನ್ನ ಕಾಲನ್ನು ನೋಡಿಕೊಂಡಿತು. ಏರಿ ಕಟ್ಟದೆ ನೀರಿಲ್ಲ, ನೀರಿಲ್ಲದೆ ಮೀನಿಲ್ಲ. ರಾಜಾಜ್ಞೆ ಇಳಿಸದ ಕಾಲನ್ನು ಹಸಿವು ಇಳಿಸಿತು. ಮೊಣಕಾಲುದ್ದ ಕೆಸರು ತುಳಿದು ಏರಿಗೆ ಬಂದು, ಬಗ್ಗಿ ಬಿಲದೊಳಗೆ ಇಣುಕಿತು. ಕತ್ತಲಲ್ಲಿ ಹೆಗ್ಗಣದ ಬೆನ್ನು ಕಾಣಿಸಿತು.

"ಇಬ್ಬರು," ಎಂದಿತು ಮೆಲ್ಲಗೆ.

"ಆಗಲೂ ಇಬ್ಬರೇ ಇದ್ದೆವು," ಎಂದು ಆಮೆ ಒಂದು ಮಣ್ಣಿನ ಮುದ್ದೆಯನ್ನು ಅದರ ಮುಂದೆ ತಳ್ಳಿತು. "ಹೇಗೂ ಕಾಲು ಕೆಸರಾಯಿತಲ್ಲ. ಇದನ್ನು ಕೊಕ್ಕಲ್ಲಿ ಎತ್ತಿ ಅವನಿಗೆ ಕೊಡಿ."

ನೀತಿ: ಕೆಲಸ ನಡೆಯುವ ಕೆಸರಿಗೆ ಇಳಿಯದ ನೆರವು ದುಡಿಯುವವನ ಅನ್ನವನ್ನು ಗೂಟಕ್ಕೆ ಉಣಿಸುತ್ತದೆ.