ಬರೆಯದೆ ಹೋದ ಒಂದು ಸಾಲು

ಕೆರೆಕೊಪ್ಪದ ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಅಷ್ಟೇ. ಪೂಜ್ಯ ನಿರ್ವಾಣಯ್ಯಜ್ಜನವರು ಅಂದು ಪಡಸಾಲೆಯಲ್ಲಿ ಕುಳಿತು ದಾಸೋಹದ ಜೋಳ ಹಸನು ಮಾಡುತ್ತಿದ್ದರು. ಈ ಕೆಲಸಕ್ಕೆ ಆಳು ಹಚ್ಚಬಾರದೇ ಎಂದರೆ, "ಉಣ್ಣಾಕ ಆಳು ಹಚ್ಚೀನೇನು?" ಎಂದು ನಗುತ್ತಿದ್ದ ಮಹಾತ್ಮರು ಅವರು.

ಅಲ್ಲಿಗೆ ಎಲೆಬಳ್ಳಿ ತೋಟದ ಅಡಿವೆಪ್ಪ ಬಂದ. ತಂದೆ ಮಡಿವಾಳಪ್ಪ ಮರಣಪತ್ರ ಬರೆಯದೆಯೇ ಲಿಂಗೈಕ್ಯನಾಗಿ ತಿಂಗಳಾಗಿತ್ತು. ತೋಟ, ಮನೆ ಎಲ್ಲ ತನಗೇ ಎಂದು ಅಡಿವೆಪ್ಪ ನಿಶ್ಚಿಂತೆಯಿಂದಿದ್ದಾಗ ಅಕ್ಕ ಶಂಕ್ರವ್ವ ಬಂದು ತನ್ನ ಪಾಲು ಕೇಳಿದಳು. ಬೇರೆ ಜಾತಿಯವನನ್ನು ಮದುವೆಯಾಗಿ ಹದಿನಾರು ವರ್ಷ ತವರಿನ ಹೊಸ್ತಿಲು ತುಳಿಯದವಳು! ಅಡಿವೆಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಆಸ್ತಿ ತನ್ನ ಹೆಸರಿಗೆ ಮಾಡಿಸಲು ತಲಾಟಿಗೆ ಕೊಡುವ ವಂಶವೃಕ್ಷದಲ್ಲಿ ತಂದೆಯ ಕೆಳಗೆ ತನ್ನ ಹೆಸರೊಂದನ್ನೇ ಬರೆಸಿದ. ಪಂಚರಲ್ಲಿ ನಾಲ್ವರು ರುಜು ಹಾಕಿಯೂಬಿಟ್ಟರು. ಐದನೆಯ ರುಜು ಅಜ್ಜನವರದಾದರೆ ಊರಲ್ಲಿ ಯಾರೂ ತುಟಿಪಿಟಕ್ಕೆನ್ನುವುದಿಲ್ಲ ಎಂದು ಅವನ ಎಣಿಕೆ.

ಅಜ್ಜನವರು ಮೊರ ಕೆಳಗಿಟ್ಟು ಕಾಗದ ಓದಿದರು.

"ಶಂಕ್ರವ್ವ ಎಲ್ಲಿ?"

"ಆಕಿ ನನ್ನ ಪಾಲಿಗೆ ಸತ್ತಳು ಅಂತ ಅಪ್ಪನೇ ಅಂದಿದ್ದ, ಅಜ್ಜಾರ."

"ಆಕಿ ತೊಟ್ಟಿಲದಾಗ ಇದ್ದಾಗ ಲಿಂಗಾ ಕಟ್ಟಿದ್ದು ಇದೇ ಕೈ. ಈಗ ಇದೇ ಕೈಲೆ ಆಕಿ ಹುಟ್ಟೇ ಇಲ್ಲ ಅಂತ ರುಜು ಹಾಕ್ಲೇನು, ತಮ್ಮಾ?"

ಅಡಿವೆಪ್ಪನ ತಲೆ ತಗ್ಗಿತು. ಸಿಟ್ಟು ಮಾತ್ರ ತಗ್ಗಲಿಲ್ಲ. "ಅಪ್ಪನ ಮನಸ್ಸು ಮುರದಾಕಿರಿ ಆಕಿ. ಆಕಿಗೆ ಕೊಟ್ರ ಅಪ್ಪನ ಮಾತು ಮೀರಿದಂಗ ಆಗೂದಿಲ್ಲೇನ್ರಿ?"

ಅಜ್ಜನವರು ಅವನನ್ನು ಹತ್ತಿರ ಕೂರಿಸಿಕೊಂಡು ಬೆನ್ನ ಮೇಲೆ ಕೈಯಿಟ್ಟರು. "ಮೂರು ವರ್ಷದ ಹಿಂದ, ಆಕಿಗೆ ಏನೂ ಕೊಡಬ್ಯಾಡ್ರಿ ಅಂತ ಬರಿಯಾಕ ನಿಮ್ಮಪ್ಪ ಇಲ್ಲೇ ಬಂದಿದ್ದ. ಕಾಗದ ಹಿಡಕೊಂಡು ಒಂದು ತಾಸು ಕುಂತ. ಆಮ್ಯಾಲೆ ಖಾಲಿ ಕಾಗದಾನೇ ಮಡಚಿ ಕಿಸೇದಾಗ ಹಾಕ್ಕೊಂಡು ಹೋದ. ಬಾಯಿಲೆ ಬೇಕಾದಷ್ಟು ಬೈದ. ಬರಿಯಾಕ ಕೈ ಬರಲಿಲ್ಲ."

ಅಪ್ಪ ಆಲಸ್ಯದಿಂದ ಬರೆಯಲಿಲ್ಲವೆಂದೇ ಅಡಿವೆಪ್ಪ ಇದುವರೆಗೆ ತಿಳಿದಿದ್ದ. ಅಷ್ಟು ಹಟಮಾರಿ ಅಪ್ಪನಿಗೂ ಮಗಳ ಮೇಲಿನ ಕರುಳು ಹರಿದಿರಲಿಲ್ಲ. ಅಜ್ಜನವರ ಪಾದದ ಮೇಲೆ ಹಣೆಯಿಟ್ಟು ಅವನು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಹೊಸ ಕಾಗದ ತಂದು, ಹಿರಿಯಳೆಂದು ಅಕ್ಕನ ಹೆಸರು ಮೊದಲು, ತನ್ನದು ಅದರ ಕೆಳಗೆ ಬರೆದ. ಪೂಜ್ಯರು ಸಂತೋಷದಿಂದ ರುಜು ಹಾಕಿದರು.

ಸುದ್ದಿ ವೇಳೆಗೆ ಮುಟ್ಟದೆ ತಂದೆಯ ಮಣ್ಣಿಗೆ ಬರಲಾಗದಿದ್ದ ಶಂಕ್ರವ್ವ, ತಮ್ಮ ಇದನ್ನೆಲ್ಲ ಹೇಳಿದಾಗ ಅಪ್ಪನನ್ನು ನೆನೆದು ಮನಸಾರೆ ಅತ್ತಳು.

ಹಾಗಾದರೆ ಪಾಲು ಬೇಡವೆಂದು ಬಿಟ್ಟುಕೊಟ್ಟಳೇನೋ ಅಂದುಕೊಂಡಿರಾ? ಇಲ್ಲ, ಬಿಡಲಿಲ್ಲ, ನ್ಯಾಯವಾದ ಅರ್ಧ ತೆಗೆದುಕೊಂಡಳು. ಬಾವಿಯ ಕಡೆಯ ಒಳ್ಳೆಯ ಬಳ್ಳಿಗಳನ್ನು ಅಡಿವೆಪ್ಪ ತಾನಾಗಿಯೇ ಅವಳ ಕಡೆ ಬಿಟ್ಟು ಬದು ಹಾಕಿಸಿದ. ಎಷ್ಟು ದೊಡ್ಡ ಮನಸ್ಸಪ್ಪಾ ನಿನ್ನದು ಎಂದು ಊರವರು ಹೊಗಳಿದರೆ ಅವನಿಗೆ ನಾಚಿಕೆಯಾಗುತ್ತಿತ್ತು.

"ನಾ ಏನು ಕೊಟ್ಟೇನ್ರಿ?" ಅನ್ನುತ್ತಿದ್ದ. "ನಮ್ಮಪ್ಪ ಆಕಿಗೆ ಕೊಟ್ಟು ಹೋಗ್ಯಾನ."