ತೊಳೆಯದ ಬಟ್ಟಲು

"ಗುರುಗಳೇ, ನಿಜ ಹೇಳಿದರೆ ಕೇಳುವವರ ಎದೆ ಒಡೆಯುತ್ತದೆ ಎಂದು ಗೊತ್ತಿದ್ದರೂ ಹೇಳಬೇಕೇ?" ಎಂದು ಶಿಷ್ಯ ಕೇಳಿದ.

"ಇವತ್ತು ಯಾರನ್ನು ಅಳಿಸಿ ಬಂದೆಯಪ್ಪಾ?" ಎಂದು ಗುರುಗಳು ನಕ್ಕರು. ಶಿಷ್ಯ ತಲೆ ತಗ್ಗಿಸಿದ. "ಸರಿ ಸರಿ, ಮುಖ ಸಣ್ಣದು ಮಾಡಬೇಡ. ಕುಳಿತು ಕೇಳು. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ" ಎಂದು ಈ ಕತೆ ಹೇಳಿದರು.

ಒಂದು ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ಸಂಶೋಧಕಿ ಇದ್ದಳು. ಹಸುಗೂಸುಗಳ ರಕ್ತಕ್ಕೆ ಸೇರುವ ರೋಗಾಣುಗಳನ್ನು ಹುಡುಕುವುದು ಅವಳ ಕೆಲಸ. ಅಲ್ಲಿ ಚೆನ್ನಾಗಿಯೇ ಹುಟ್ಟಿದ ಕೆಲವು ಕೂಸುಗಳು ಮೂರನೇ ದಿನವೋ ನಾಲ್ಕನೇ ದಿನವೋ ಹಾಲು ಬಿಡುತ್ತಿದ್ದವು, ಮೈ ಸುಡುತ್ತಿತ್ತು. ಕೆಲವು ಉಳಿಯುತ್ತಿದ್ದವು, ಕೆಲವು ಇಲ್ಲ. ರಕ್ತದ ಹನಿಯಿಂದ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಅವಳು ಕಂಡುಕೊಂಡಿದ್ದಳು. ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಎರಡು ವರ್ಷವಾದರೂ ತಿಳಿದಿರಲಿಲ್ಲ. ನಲ್ಲಿ ನೋಡಿದಳು, ಹಾಸಿಗೆ ನೋಡಿದಳು, ದಾದಿಯರ ಕೈ ನೋಡಿದಳು, ತನ್ನ ಕೈಯನ್ನೂ ಬಿಡಲಿಲ್ಲ. ಊಹೂಂ, ಎಲ್ಲೂ ಸಿಗಲಿಲ್ಲ. ಒಂದೊಂದು ಕೂಸು ಹೋದಾಗಲೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾರ್ಡಿಗೆ ಬಂದಾಗ, ಒಬ್ಬ ಅಜ್ಜಿ ಎಲೆಅಡಿಕೆ ಚೀಲದಿಂದ ಪುಟ್ಟ ಹಿತ್ತಾಳೆ ಬಟ್ಟಲು ತೆಗೆದು, ಅದಕ್ಕೆ ಹರಳೆಣ್ಣೆ ಬಗ್ಗಿಸಿ ಮೊಮ್ಮಗುವಿನ ಹೊಕ್ಕುಳಿಗೆ ಹಚ್ಚುತ್ತಿದ್ದುದು ಕಂಡಿತು. ದಾದಿಯರು ಬೈಯುತ್ತಾರೆಂದು ಅಲ್ಲಿನ ಅಜ್ಜಿಯರು ಇದನ್ನು ಕದ್ದು ಮಾಡುತ್ತಿದ್ದರು. ಮನೆಯಿಂದ ತಂದ ಆ ಬಟ್ಟಲುಗಳನ್ನು ಯಾರೂ ತೊಳೆಯುತ್ತಿರಲಿಲ್ಲ. ತೊಳೆದರೆ ಹಿಂದೆ ಹಚ್ಚಿಸಿಕೊಂಡ ಮಕ್ಕಳ ಆಯುಸ್ಸೂ ತೊಳೆದುಹೋಗುತ್ತದೆ ಎಂದು ಅವರ ನಂಬಿಕೆ. ನೋಡು, ಪ್ರೀತಿಯಿಂದಲೇ ತೊಳೆಯದೆ ಇಟ್ಟಿದ್ದರು.

ಸಂಶೋಧಕಿ ಬಟ್ಟಲು ಕೇಳಿದಳು. "ತೊಳೀಬ್ಯಾಡ ಕಣವ್ವ, ಹಂಗೇ ವಾಪಸ್ ಕೊಡು" ಎಂದು ಅಜ್ಜಿ ಕೊಟ್ಟಳು. ಹುಟ್ಟಿದ ದಿನದಿಂದ ಎಣ್ಣೆ ಹಚ್ಚಿಸಿಕೊಂಡಿದ್ದ ಕೂಸು ಆ ಸಂಜೆಯೇ ಹಾಲು ಬಿಟ್ಟಿತು. ಸಂಶೋಧಕಿ ತಡಮಾಡದೆ ಔಷಧಿ ಕೊಡಿಸಿದಳು. ಎರಡು ದಿನದ ಮೇಲೆ ನೋಡಿದರೆ, ಕೂಸಿನ ರಕ್ತದಿಂದ ಬೆಳೆದದ್ದೂ ಬಟ್ಟಲಿನಿಂದ ಬೆಳೆದದ್ದೂ ಒಂದೇ ರೋಗಾಣು.

"ಬಟ್ಟಲು ಎಲ್ಲೋ ಕಳೆದುಹೋಯಿತು ಎಂದುಬಿಡಿ. ಪಾಪ, ಆ ಮುದುಕಿಗೆ ಯಾಕೆ ಹೇಳುತ್ತೀರಿ?" ಎಂದಳು ದಾದಿ. ಒಳ್ಳೆಯ ಹುಡುಗಿಯೇ. ಆದರೆ ಅಜ್ಜಿ ಮನೆಗೆ ಹೋಗಿ ಇನ್ನೊಂದು ಬಟ್ಟಲಿನಿಂದ ಹಚ್ಚಿದರೆ? ಕೂಸು ಮತ್ತೊಮ್ಮೆ ತಡೆದೀತೇ? ಹೇಳಲೇಬೇಕಿತ್ತು.

ಬಟ್ಟಲಿನಲ್ಲಿದ್ದ ರೋಗಾಣುವೇ ಕೂಸಿನ ರಕ್ತ ಸೇರಿದೆ ಎಂದು ಸಂಶೋಧಕಿ ಅಜ್ಜಿಯ ಬಳಿ ಕುಳಿತು ಹೇಳಿದಳು. "ಇನ್ನು ಹೊಕ್ಕುಳಿಗೆ ಏನೂ ಹಚ್ಚಬೇಡಿ ಅಜ್ಜಿ. ಅದು ಒಣಗಿ ತಾನಾಗಿ ಬೀಳುತ್ತದೆ. ಕೈ ತೊಳೆದುಕೊಂಡು ಕೂಸನ್ನು ಎತ್ತಿಕೊಳ್ಳಿ, ಅಷ್ಟು ಸಾಕು."

ಅಜ್ಜಿ ತನ್ನ ಕೈಗಳನ್ನೇ ನೋಡಿಕೊಂಡಳು. "ಹೋದ ವರ್ಷ ಮಗಳ ಚೊಚ್ಚಲ ಕೂಸು ಮನೇಲೇ ಹುಟ್ಟಿ ನಾಕನೇ ದಿನಕ್ಕೆ ಹೋಯ್ತು ಕಣವ್ವ. ಅದಕ್ಕೂ ಆ ಬಟ್ಲಿಂದ್ಲೇ ಹಚ್ಚಿದ್ದೆ. ನಾನೇ ಕೊಂದ್ನಾ?"

ಹೌದು ಎನ್ನಲು ಸಂಶೋಧಕಿಯ ಬಳಿ ಆಧಾರವಿರಲಿಲ್ಲ. ಅಲ್ಲ ಎನ್ನಲು ಮನಸ್ಸು ಒಪ್ಪಲಿಲ್ಲ. "ಆ ಕೂಸಿನ ರಕ್ತ ನಾನು ನೋಡಿಲ್ಲ ಅಜ್ಜಿ. ನೋಡದ್ದನ್ನು ಹೇಳಲಾರೆ" ಎಂದಳು.

ಔಷಧಿ ಹಿಡಿಯಿತು, ಕೂಸು ಮತ್ತೆ ಹಾಲು ಕುಡಿಯತೊಡಗಿತು. ಮನೆಗೆ ಹೊರಡುವ ದಿನ ಅಜ್ಜಿ ವಾರ್ಡಿನ ಒಂದೊಂದು ಮಂಚದ ಬಳಿಗೂ ಹೋದಳು. "ನಿಮ್ಮ ಬಟ್ಟಲು ಆಚೆಗಿಡ್ರವ್ವ. ನಾನು ಇಂಥ ಬಟ್ಲಿಂದ್ಲೇ ಎಣ್ಣೆ ಹಚ್ಚಿ ಒಂದು ಕೂಸನ್ನ ಕೈಯಾರೆ ಮಣ್ಣಿಗೆ ಕೊಟ್ಟೆ. ನೀವು ಹಚ್ಚಬ್ಯಾಡಿ" ಎಂದು ಅಳುತ್ತಲೇ ಹೇಳಿದಳು. ದಾದಿಯರು ಎಷ್ಟು ಬೈದರೂ ಜಗ್ಗದ ಅಜ್ಜಿಯರು ಅವಳ ಮಾತಿಗೆ ಬಟ್ಟಲು ಬಿಟ್ಟರು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಮೊದಲ ಕೂಸು ಬಟ್ಟಲಿನಿಂದಲೇ ಹೋಯಿತೆಂದು ಸಂಶೋಧಕಿ ಹೇಳಲೇ ಇಲ್ಲವಲ್ಲ, ಗುರುಗಳೇ! ಮತ್ತೆ ಆ ಮಾತು ಅಜ್ಜಿಯ ಬಾಯಿಗೆ ಹೇಗೆ ಬಂತು?"

"ಸಂಶೋಧಕಿ ಗೊತ್ತಿದ್ದಷ್ಟು ನಿಜ ಹೇಳಿದಳು, ಉಳಿದದ್ದು ಅಜ್ಜಿಗೇ ಹೊಳೆಯುವ ತನಕ ಅವಳ ಪಕ್ಕದಿಂದ ಏಳಲಿಲ್ಲ, ಮಗೂ."